ಬಲಗಡೆಯಿಂದ ನೋಡಿದ ಪುಟ

ಅಲೆಕ್ಸಾಂಡ್ರಿಯಾ
೧೮ ನವೆಂಬರ್ ೧೯೮೮

ಪ್ರೀತಿಯ ಮಗಳು ಸಫಿನಾಜಳಿಗೆ ಅಪ್ಪನ ಸಲಾಂ.

ತಾಂತಾದಲ್ಲಿ ನೀನೂ ನಿನ್ನ ಸೋದರತ್ತೆ ತಹಿಯ್ಯಾಳೂ ಕ್ಷೇಮವಾಗಿದ್ದೀರಿ ಎಂದುಕೊಂಡಿದ್ದೇನೆ. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಟ್ರಾಮ್ ಓಡಿಸಿ ಸವೆದ ಮಂಡಿಯದು ಒಂದು ನೆಪ ಅಷ್ಟೆ. ನೀನು ಹೇಳಿದ ಕೆಲಸ ಮಾಡಲು ಮನಸ್ಸು ಬರಲಿಲ್ಲ. "ಫೋಟೋಗ್ರಫಿ ಪತ್ರಿಕೆಗಳನ್ನೆಲ್ಲ ಹಳೇ ಪುಸ್ತಕದವರಿಗೆ ಮಾರಿಬಿಡಿ ಅಪ್ಪ, ಇನ್ನು ನಾನು ಕ್ಯಾಮೆರಾ ಮುಟ್ಟೋದಿಲ್ಲ" ಎಂದು ಬರೆದು ಕಟ್ಟು ಕಳಿಸಿದರೆ ಯಾವ ತಂದೆ ಕುಣಿಯುತ್ತಾ ಹೋಗಿ ಮಾರುತ್ತಾನೆ?

ರೀಲು ತೊಳೆದಾಗ ಕಿಟಕಿಯ ಗಾಜಿನ ಹಾಗೆ ಬರಿದಾಗಿ ಬಂತು, ನನ್ನ ಕೈಗುಣವೇ ಸರಿಯಿಲ್ಲ ಎಂದು ನೀನು ಬರೆದಿದ್ದೆ. ಓದಿ ನನಗೆ ಸಿಟ್ಟೂ ಬಂತು, ಅಳುವೂ ಬಂತು. ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತಿದ್ದ ನಿನ್ನ ಅಮ್ಮ ಈ ವಸಂತದ ಹಬ್ಬದ ದಿನ, ಮೊಂತಾಜಾ ತೋಟದಲ್ಲಿ ಉಪ್ಪುಮೀನು ತಿಂದ ಮೇಲೆ, ಮೊದಲ ಸಲ ತಕರಾರಿಲ್ಲದೆ ನಿನ್ನೆದುರು ಕುಳಿತಳು. ಬೇಸಿಗೆಯಲ್ಲಿ ಕಣ್ಣು ಮುಚ್ಚಿ ಹೊರಟೇ ಹೋದಳು. ಆ ರೀಲನ್ನು ಸ್ಟುಡಿಯೋದವರ ಕೈಗೆ ಕೊಡದೆ ನಾನೇ ತೊಳೆಯುತ್ತೇನೆ ಎಂದು ನೀನು ಇಟ್ಟುಕೊಂಡಿದ್ದೆ. ಅದರಲ್ಲಿ ತಪ್ಪೇನೂ ಇಲ್ಲ.

ಮಂಗಳವಾರ ಕೊನೆಗೂ ಕಟ್ಟು ಎತ್ತಿಕೊಂಡು ನಬಿ ದಾನಿಯಾಲ್ ಬೀದಿಗೆ ಹೋದೆ. ಹಳೇ ಪುಸ್ತಕದ ಬಯೂಮಿ ಗೊತ್ತಲ್ಲ, ಮಾರುವುದಕ್ಕಿಂತ ಟೀ ಕುಡಿಯುವುದೇ ಹೆಚ್ಚು.

"ಏನ್ ಹಾಜಿ, ಇಷ್ಟು ದಿನ ನಿಂತ್ಕೊಂಡೇ ಬಿಟ್ಟಿ ಓದಿ ಹೋಗ್ತಿದ್ರಿ, ಇವತ್ತು ನನಗೇ ಮಾರೋಕೆ ಬಂದ್ರಾ?" ಎಂದು ಚುಚ್ಚಿದ.

ಪುಟ ತಿರುವುತ್ತಾ ಫ್ರೆಂಚ್ ಪತ್ರಿಕೆಯ ಒಂದು ಕಡೆ ನಿಲ್ಲಿಸಿದ. "ಇದರ ಮೇಲೆ ಟೀ ಚೆಲ್ಲಿದ್ದೀರಲ್ರೀ. ಯಾರು ತಗೋತಾರೆ?"

"ಟೀ ಅಲ್ಲ ಮಾರಾಯ, ಔಷಧಿ. ಮಗಳು ಈ ಪುಟ ಮುಂದಿಟ್ಕೊಂಡೇ ಫಿಲ್ಮ್ ತೊಳೆದ್ಲು. ಎಲ್ಲಾ ಹಾಳಾಯ್ತು."

"ಅವಳಿಗೆ ಫ್ರೆಂಚ್ ಬರುತ್ತಾ?"

"ಎಲ್ಲಿಂದ ಬರ್ಬೇಕು? ಚಿತ್ರ ಇದೆಯಲ್ಲ."

ಮೂರು ಚಿತ್ರ, ಅಂಕಿ ಇಲ್ಲ. ನೀನು ಬರೆದದ್ದನ್ನೇ ಹೇಳಿದೆ: ಮೊದಲು ಅಗಲ ಬಾಟಲಿ, ಆಮೇಲೆ ನೀರು, ಕೊನೆಗೆ ಉದ್ದ ಬಾಟಲಿ. ಬಯೂಮಿ ಚಿತ್ರಗಳ ಕೆಳಗಿನ ಸಾಲುಗಳನ್ನು ತನಗೆ ಬರುವಷ್ಟು ಫ್ರೆಂಚಿನಲ್ಲಿ ಓದಿಕೊಂಡ. ಟೀ ಲೋಟ ಕೆಳಗಿಟ್ಟ.

"ಅಯ್ಯೋ ಹಾಜಿ! ಇವ್ರು ಎಡಗಡೆಯಿಂದ ಓದೋ ಜನ. ನಿಮ್ಮ ಹುಡುಗಿ ಚಿತ್ರಾನ ನಮ್ಮ ಕಡೆಯಿಂದ, ಬಲಗಡೆಯಿಂದ ನೋಡಿದಾಳೆ. ಉದ್ದ ಬಾಟಲಿ ಚಿತ್ರ ಮೂಡಿಸೋದು, ಅದು ಮೊದ್ಲು. ಅಗಲ ಬಾಟಲಿ ಮೂಡಿದ್ದನ್ನ ನಿಲ್ಲಿಸಿ, ಮೂಡದೆ ಉಳಿದದ್ದನ್ನ ಕರಗಿಸೋದು. ಅದನ್ನೇ ಮೊದ್ಲು ಸುರಿದ್ರೆ ಮೂಡೋಕೆ ಏನು ಉಳಿಯುತ್ತೆ? ನಂಗೂ ಕಣ್ಣು ಮೊದ್ಲು ಬಲಕ್ಕೇ ಹೋಗುತ್ತೆ, ಬಿಡಿ."

ಕೇಳಿದೆಯಾ? ನಿನ್ನ ಕೈಗುಣ ಚೆನ್ನಾಗಿದೆ. ಹುಟ್ಟಿದಾಗಿನಿಂದ ಅರಬ್ಬಿಯನ್ನು ಬಲಗಡೆಯಿಂದ ಓದಿದ ಕಣ್ಣು ಮೋಸ ಮಾಡಿತು, ಅಷ್ಟೇ. ನಾನು ಕಟ್ಟನ್ನು ಮತ್ತೆ ಕಟ್ಟಿಕೊಂಡೆ.

ಬಯೂಮಿ ಬಿಡುತ್ತಾನೆಯೇ? ವ್ಯಾಪಾರದ ವಾಸನೆ ಹಿಡಿದು ದಪ್ಪನೆಯ ಮಿರಿಮಿರಿ ಪತ್ರಿಕೆಗಳನ್ನು ನನ್ನ ತೊಡೆಯ ಮೇಲೆ ಪೇರಿಸಿದ. "ಪ್ಯಾರಿಸ್ ಮಾಲು ಹಾಜಿ, ತಗೊಳ್ಳಿ." ತಿರುವಿ ನೋಡಿದರೆ ಅರ್ಧಕ್ಕರ್ಧ ಕ್ಯಾಮೆರಾದ ಜಾಹೀರಾತು. "ಇದನ್ನ ಓದಿದ್ರೆ ಮಗಳಿಗೆ ಫೋಟೋ ತೆಗೆಯೋಕೆ ಬರಲ್ಲ, ನನಗೆ ಸಾಲ ಮಾಡೋಕೆ ಬರುತ್ತೆ" ಎಂದೆ. ನಕ್ಕು ಒಳಗಿನಿಂದ ಬೇರೆ ತಂದ.

ನಾನು ಆರಿಸಿದ್ದು ಎರಡೇ. ಒಂದು ನಮ್ಮ ಅರಬ್ಬಿಯದು. ಮುಖಪುಟ ಹರಿದಿದೆ, ತೆಳ್ಳಗಿದೆ, ಆದರೆ ಅದರಲ್ಲಿ ಓದುಗರು ಕೆಡಿಸಿಕೊಂಡ ಫೋಟೋಗಳನ್ನು ಅಚ್ಚು ಹಾಕಿ, ಎಲ್ಲಿ ಎಡವಿದರು ಎಂದು ಬರೆಯುತ್ತಾರೆ. ಒಬ್ಬ ಮಹಾಶಯ ತಂಗಿಯ ಮದುವೆಯಲ್ಲಿ ಮದುಮಗನ ತಲೆಯನ್ನೇ ಬಿಟ್ಟು ತೆಗೆದಿದ್ದಾನೆ. ಹೊಸದಾಗಿ ಕಲಿಯುವವರಿಗೆ ಗೆದ್ದವರ ಫೋಟೋಗಿಂತ ಇದು ಮೇಲು ಅನ್ನಿಸಿತು. ಇನ್ನೊಂದು ಪರದೇಶದ್ದು, ಮಾತು ಕಡಿಮೆ, ಪುಟ ತುಂಬಾ ಜನರ ಮುಖಗಳು. ಅದನ್ನು ನೋಡು, ಆದರೆ ಅದನ್ನು ನೋಡಿಕೊಂಡು ಏನನ್ನೂ ತೊಳೆಯಬೇಡ! ಎರಡಕ್ಕಿಂತ ಹೆಚ್ಚು ಬೇಡ. ಒಬ್ಬೊಬ್ಬರು ಒಂದೊಂದು ಹೇಳಿ ತಲೆ ಕೆಡಿಸುತ್ತಾರೆ.

ಮೇಲಿನ ಮನೆಯವರ ಅಳಿಯ ತಾಂತಾಕ್ಕೆ ಬರುತ್ತಿದ್ದಾನೆ, ಅವನ ಕೈಯಲ್ಲಿ ನಿನ್ನ ಹಳೇ ಕಟ್ಟನ್ನೂ ಸೇರಿಸಿ ಕಳಿಸಿದ್ದೇನೆ. ಔಷಧಿ ಚೆಲ್ಲಿದ ಪುಟದಲ್ಲಿ ಎಡಗಡೆಯಿಂದ ಕೆಂಪು ಪೆನ್ಸಿಲಿನಲ್ಲಿ ಒಂದು, ಎರಡು, ಮೂರು ಎಂದು ಬರೆದಿದ್ದೇನೆ. ರಜೆಗೆ ಬರುವಾಗ ಕ್ಯಾಮೆರಾ ತಾ. ನಾನು ಗಡ್ಡ ಬೋಳಿಸಿಕೊಂಡು ಬಾಲ್ಕನಿಯಲ್ಲಿ ಕೂರುತ್ತೇನೆ. ಕೆಟ್ಟರೆ ಕೆಡಲಿ, ಮತ್ತೆ ಕೂರುತ್ತೇನೆ.

ದೇವರು ನಿನ್ನ ಕಣ್ಣಿಗೂ ಕೈಗೂ ಬಲ ಕೊಡಲಿ. ಅತ್ತೆಗೆ ನನ್ನ ಸಲಾಂ ಹೇಳು.

ನಿನ್ನ ಅಪ್ಪ,
ಮೆತ್ವಲ್ಲಿ

ಬರೆಯಲು ಮರೆತದ್ದು: ಆ ದಿನ ತೋಟದಲ್ಲಿ ನಿನ್ನ ಅಮ್ಮ ತಲೆಗೆ ಕಟ್ಟಿಕೊಂಡಿದ್ದ ಬಟ್ಟೆಯ ಬಣ್ಣ ಯಾವುದು? ನಾನು ನಿನ್ನ ಹಿಂದೆಯೇ ನಿಂತು ಅವಳನ್ನು ನೋಡುತ್ತಿದ್ದೆ. ಎಷ್ಟು ನೆನೆದರೂ ಈಗ ಬರುತ್ತಿಲ್ಲ. ಕಪ್ಪು-ಬಿಳುಪಿನ ರೀಲು, ಚೆನ್ನಾಗಿ ಬಂದಿದ್ದರೂ ಬಣ್ಣ ತಿಳಿಯುತ್ತಿರಲಿಲ್ಲ, ನನಗೆ ಗೊತ್ತು. ನಿನಗೆ ನೆನಪಿದ್ದರೆ ಬೇಗ ಬರೆ.