ಸದ್ದಿಲ್ಲದ ಹೆರಿಗೆ ಕೋಣೆಯ ಮುಖ್ಯಸ್ಥರಿಗೆ

ಮಾನ್ಯರೇ,

ನಿಮ್ಮ ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗಕ್ಕೆ ನನ್ನ ಮಗಳು ಹೆರಿಗೆ ಮಾಡಿಸುವುದನ್ನು ಕಲಿಯಲು ಬಂದಳು. ಹೆರುವ ಹೆಂಗಸಿಗೆ ಹೊಡೆಯುವುದನ್ನೂ ಕಲಿತಳು. ಇದು ನನ್ನ ದೂರು. ಯಾರೋ ಹೇಳಿದ್ದನ್ನು ಕೇಳಿ ಬರೆಯುತ್ತಿಲ್ಲ. ನಿಮ್ಮ ಹೆರಿಗೆ ಕೋಣೆಯಲ್ಲಿ ನಿಂತು ಕಂಡದ್ದನ್ನು ಬರೆಯುತ್ತಿದ್ದೇನೆ. ನಿಮ್ಮ ಹೆಸರನ್ನಾಗಲಿ, ಆಸ್ಪತ್ರೆಯ ಹೆಸರನ್ನಾಗಲಿ ಪತ್ರಿಕೆಗೆ ಕೊಡುತ್ತಿರುವ ಈ ಬಹಿರಂಗ ಪತ್ರದಲ್ಲಿ ಹೇಳುವುದಿಲ್ಲ. ಹೇಳಿದರೆ ಈ ಊರಿನ ಉಳಿದ ಬೋಧನಾ ಆಸ್ಪತ್ರೆಗಳ ಮುಖ್ಯಸ್ಥರೆಲ್ಲ ‘ಸದ್ಯ, ನಮ್ಮಲ್ಲಲ್ಲ’ ಎಂದು ಪತ್ರಿಕೆ ಮಡಿಸಿಟ್ಟು ಕಾಫಿಗೆ ಹೋಗುತ್ತಾರೆ. ಅವರಿಗೆ ಆ ನೆಮ್ಮದಿ ಕೊಡುವ ಮನಸ್ಸು ನನಗಿಲ್ಲ.

ನಾನು ವಿಜಯನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಮನೆ ಹೇರೋಹಳ್ಳಿಯಲ್ಲಿ. ಒಬ್ಬಳೇ ಮಗಳು ಹೇಮಶ್ರೀ, ನಿಮ್ಮಲ್ಲಿ ಎರಡನೇ ವರ್ಷದ ಸ್ನಾತಕೋತ್ತರ ವಿದ್ಯಾರ್ಥಿನಿ. ಸೀಟು ಸಿಕ್ಕ ದಿನ ‘ಅಮ್ಮ, ಎಲ್ಲಾ ವಾರ್ಡಲ್ಲೂ ಜನ ಅಳ್ತಾ ಬರ್ತಾರೆ. ಇದೊಂದರಲ್ಲೇ ನಗ್ತಾ ಮನೆಗೆ ಹೋಗೋದು’ ಅಂದಿದ್ದಳು. ಹಾಸ್ಟೆಲ್ಲಿಗೆ ಹೋದ ಮೇಲೆ ಅವಳು ಮನೆಗೆ ಬಂದದ್ದೇ ಅಪರೂಪ. ಬಂದರೂ ಚಪ್ಪಲಿ ಬಿಚ್ಚಿದವಳು ಸೋಫಾದ ಮೇಲೆ ಹಾಗೇ ನಿದ್ದೆಹೋಗುತ್ತಿದ್ದಳು. ತಟ್ಟೆಯ ಅನ್ನ ಆರುತ್ತಿತ್ತು. ‘ಓದೋ ಮಕ್ಕಳು ಕಷ್ಟಪಡಬೇಕು ಕಣೇ’ ಎನ್ನುತ್ತಿದ್ದರು ನನ್ನ ಯಜಮಾನರು. ನಾನೂ ಹೌದೆನ್ನುತ್ತಿದ್ದೆ. ವೈದ್ಯಕೀಯ ಎಂದರೆ ತಪಸ್ಸು ಎಂದು ನಿಮ್ಮ ಪದವಿ ಪ್ರದಾನ ಸಮಾರಂಭಗಳಲ್ಲಿ ಹೇಳುತ್ತಾರಲ್ಲ. ಆ ತಪಸ್ಸಿನ ವರ ಏನೆಂಬುದು ಆಗ ನಮಗೆ ತಿಳಿದಿರಲಿಲ್ಲ.

ಹೇಮಶ್ರೀ ಹಾಸ್ಟೆಲ್ಲಿಗೆ ಹೋದ ಮೇಲೆ ನಮ್ಮ ಮನೆಯ ಕೆಳಗಿನ ಒಂಟಿ ಕೋಣೆಗೆ ಬಾಡಿಗೆಗೆ ಬಂದವರು ಫಕೀರೇಶ ಮತ್ತು ಲಕ್ಷ್ಮವ್ವ. ಗದಗದ ಕಡೆಯವರು. ಫಕೀರೇಶ ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುವ ಕೆಲಸ ಮಾಡುತ್ತಾನೆ. ಲಕ್ಷ್ಮವ್ವ ಇನ್ನೂ ಹುಡುಗಿ. ಮಾತು ಜೋರು, ನಗು ಇನ್ನೂ ಜೋರು. ಅವಳು ಕೆಳಗೆ ರೊಟ್ಟಿ ಬಡಿಯುತ್ತಾ ಫೋನಿನಲ್ಲಿ ಅವ್ವನ ಜೊತೆ ಆಡುವ ಮಾತು ನಮ್ಮ ಮಹಡಿಗೂ ಕೇಳಿಸುತ್ತಿತ್ತು. ನಾನು ಶಾಲೆಯಿಂದ ಬರುವುದು ತಡವಾದರೆ ಗೇಟಿನಲ್ಲೇ ತಡೆದು ವಿಚಾರಿಸುತ್ತಿದ್ದಳು: ‘ಏನ್ರಿ ಅಕ್ಕಾರ, ಇವತ್ತು ಹುಡುಗ್ರು ಭಾಳ ಕಾಡಿದ್ರೇನು?’ ಹೆರಿಗೆಗೆಂದು ಊರಿಂದ ಅವಳ ಅವ್ವ ಹೊರಡುವ ಮೊದಲೇ ನೋವು ಕಾಣಿಸಿಕೊಂಡಿತು. ಶಾಲೆಗೆ ರಜೆ ಹಾಕಿ ನಾನೇ ಆಟೋದಲ್ಲಿ ನಿಮ್ಮಲ್ಲಿಗೆ ಕರೆತಂದೆ. ‘ಹೆದರಬೇಡ, ನನ್ನ ಮಗಳು ಅಲ್ಲೇ ಇದ್ದಾಳೆ’ ಎಂದು ಧೈರ್ಯ ಹೇಳಿದೆ. ಮಗಳಿಗೆ ಫೋನು ಮಾಡಿದೆ. ಎತ್ತಲಿಲ್ಲ.

ನಿಮ್ಮ ಹೆರಿಗೆ ಕೋಣೆಯ ಬಾಗಿಲಲ್ಲಿ ಒಂದು ಅಂದವಾದ ಫಲಕವಿದೆ. ‘ಗೌರವಯುತ ಹೆರಿಗೆ ಪ್ರತಿ ತಾಯಿಯ ಹಕ್ಕು. ನಿಮ್ಮೊಂದಿಗೆ ಒಬ್ಬ ಸಂಗಾತಿ ಇರಬಹುದು.’ ಕಾಗುಣಿತ ತಪ್ಪಿಲ್ಲ. ಕನ್ನಡ ಟೀಚರಾಗಿ ಅದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಅದರ ಕೆಳಗೇ ನಿಂತಿದ್ದ ಆಯಾ ನನ್ನನ್ನು ಒಳಗೆ ಬಿಡಲಿಲ್ಲ. ಒಬ್ಬ ನರ್ಸು ನನ್ನ ಗುರುತು ಹಿಡಿದು, ‘ನಮ್ಮ ಹೇಮಶ್ರೀ ಡಾಕ್ಟ್ರ ಅಮ್ಮ ಕಣೇ, ಬಿಡು’ ಅಂದರು. ಪ್ರತಿ ತಾಯಿಯ ಹಕ್ಕು ನನಗೆ ಶಿಫಾರಸಿನ ಮೇಲೆ ಸಿಕ್ಕಿತು.

ಒಳಗೆ ಹಸಿರು ಪರದೆ ಎಳೆದ ಮಂಚಗಳ ಸಾಲು. ಲಕ್ಷ್ಮವ್ವನ ತಲೆಯ ಬಳಿ ನಿಂತು ಅವಳ ಕೈ ಹಿಡಿದಿದ್ದೆ. ನೋವು ಏರಿದಾಗ ಅವಳು ‘ಯವ್ವಾ, ಯವ್ವಾ’ ಎಂದು ಕೂಗುತ್ತಿದ್ದಳು. ಬಗ್ಗಿ ಅವಳ ಹಣೆ ಒರೆಸುತ್ತಿದ್ದಾಗ ಪರದೆ ಸರಿದು ಮುಖಗವಸು ಹಾಕಿದ ವೈದ್ಯೆಯೊಬ್ಬಳು ಕಾಲ ಬಳಿಗೆ ಬಂದಳು. ನೇರ ಲಕ್ಷ್ಮವ್ವನ ತೊಡೆಗೆ ಫಟೀರೆಂದು ಹೊಡೆದಳು.

‘ಏಯ್, ಬಾಯ್ಮುಚ್ಚು! ಗಂಡನ ಜೊತೆ ಮಲಗುವಾಗ ಹಿಂಗೇ ಕೂಗ್ತಿದ್ಯಾ?’

ದನಿ ನನ್ನ ಮಗಳದು. ಅವಳಿಗೆ ಮಾತು ಕಲಿಸಿದವಳು ನಾನು, ಆದರೂ ನಂಬಲು ಒಂದು ಗಳಿಗೆ ಬೇಕಾಯಿತು. ಲಕ್ಷ್ಮವ್ವ ಅಳುತ್ತಲೇ, ‘ನಮ್ಮವ್ವನೂ ನನಗ ಹೊಡದಿಲ್ರಿ ಮೇಡಂ’ ಅಂದಳು. ‘ಅದಕ್ಕೇ ಹಿಂಗಾಡ್ತೀಯ’ ಎಂದು ಇನ್ನೊಂದು ಹೊಡೆತ. ಆಗ ತಲೆ ಎತ್ತಿದ ಹೇಮಶ್ರೀಯ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ಎತ್ತಿದ ಕೈ ಅಲ್ಲೇ ನಿಂತಿತು. ಅಮ್ಮ ಎನ್ನಲಿಲ್ಲ. ನರ್ಸಿನ ಕಡೆ ತಿರುಗಿ ಸಣ್ಣ ದನಿಯಲ್ಲಿ, ‘ಅಟೆಂಡರ್‌ನ ಹೊರಗೆ ಕಳಿಸಿ ಸಿಸ್ಟರ್’ ಅಂದಳು. ನಾನು ಹೊರಗೆ ಬಂದೆ. ಒಳಗಿನಿಂದ ಮತ್ತೆ ಲಕ್ಷ್ಮವ್ವನ ಕೂಗು ಕೇಳಿಸಲಿಲ್ಲ.

ಹೆಣ್ಣು ಮಗು ಹುಟ್ಟಿತು. ಫಕೀರೇಶ ಕಾರಿಡಾರಿನಲ್ಲಿ ಪೇಡೆ ಹಂಚಿದ. ಬಾಣಂತಿಯನ್ನು ವಾರ್ಡಿಗೆ ತಂದರು. ಸಂಜೆ ಭೇಟಿಯ ಹೊತ್ತಿಗೆ ಹೋದಾಗ ಲಕ್ಷ್ಮವ್ವ ಮಗುವಿನ ಕಡೆಯೂ ತಿರುಗದೆ ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡು ಮಲಗಿದ್ದಳು. ತುಟಿ ಬಿಳಿಚಿತ್ತು. ಕೈ ಮುಟ್ಟಿದರೆ ಮಣ್ಣಿನ ಕೊಡದಷ್ಟು ತಣ್ಣಗೆ. ‘ಏನಾಗ್ತಿದೆ ಲಕ್ಷ್ಮವ್ವ?’ ಅಂದರೆ ಬಾಗಿಲ ಕಡೆ ನೋಡಿ, ಇಲ್ಲವೆಂದು ತಲೆಯಾಡಿಸಿದಳು. ಪಕ್ಕದ ಮಂಚದಾಕೆ ಹೇಳಿದಳು: ‘ಮಧ್ಯಾಹ್ನದಿಂದ ಒದ್ದಾಡ್ತವ್ಳೆ ಕಣಕ್ಕ. ಸಿಸ್ಟರ್ ಬಂದು ಕೇಳುದ್ರೆ ಏನಿಲ್ಲ ಅಂತಾಳೆ.’ ನಾನು ಓಡಿಹೋಗಿ ಕೂಗಾಡಿದೆ. ನಿಮ್ಮ ವಾರ್ಡಿನಲ್ಲಿ ಆ ದಿನ ಕೂಗಾಡಿದವಳು ಬಹುಶಃ ನಾನೊಬ್ಬಳೇ.

ಒಳಗೆ ರಕ್ತಸ್ರಾವವಾಗುತ್ತಿತ್ತು. ಹೊರಗೆ ಒಂದು ಹನಿಯೂ ಕಾಣದಂತೆ, ಒಳಗೊಳಗೇ ಹೆಪ್ಪುಗಟ್ಟುತ್ತಾ ಬೆಳೆಯುವ ರಕ್ತ. ಅದನ್ನು ಬೇಗ ಪತ್ತೆಹಚ್ಚಲು ಇರುವ ದೊಡ್ಡ ಸುಳಿವು ಒಂದೇ, ತಡೆಯಲಾರದ ನೋವು ಎಂದು ಆಮೇಲೆ ನನ್ನ ಮಗಳೇ ವಿವರಿಸಿದಳು. ನೋವೆಂದು ಹೇಳಬೇಕಾದವಳ ಬಾಯನ್ನು ಬೆಳಿಗ್ಗೆಯೇ ಮುಚ್ಚಿಸಲಾಗಿತ್ತು. ಸ್ಟ್ರೆಚರನ್ನು ಶಸ್ತ್ರಚಿಕಿತ್ಸೆಯ ಕೋಣೆಗೆ ತಳ್ಳಿಕೊಂಡು ಓಡಿದವರಲ್ಲಿ ಹೇಮಶ್ರೀಯೂ ಇದ್ದಳು. ಲಕ್ಷ್ಮವ್ವನ ಜೀವ ಉಳಿಯಿತು. ಗರ್ಭಕೋಶ ಉಳಿಯಲಿಲ್ಲ.

ಅವಳಿಗೆ ಎಚ್ಚರವಾದ ಮೇಲೆ ನಾನು ಕೇಳಿದೆ, ಯಾಕಮ್ಮ ಹೇಳಲಿಲ್ಲ ಎಂದು. ‘ಮತ್ತ ಹೊಡದಾರು ಅಂತ ಸುಮ್ಮನಿದ್ದೆನ್ರಿ ಅಕ್ಕಾರ.’

ಈಗ ನನ್ನ ಮಗಳ ವಿಷಯ. ಮಾರನೆಯ ದಿನ ಕ್ಯಾಂಟೀನಿನ ಹಿಂದೆ ಅವಳನ್ನು ನಿಲ್ಲಿಸಿ ಕೇಳಿದೆ. ‘ಯಾರೇ ನಿನಗೆ ಇದನ್ನ ಹೇಳಿಕೊಟ್ಟಿದ್ದು?’ ಅವಳು ಹೇಳಿದಳು: ‘ಯಾರೂ ಹೇಳಿಕೊಡಲ್ಲ ಅಮ್ಮ. ನೋಡ್ತಾ ನೋಡ್ತಾ ಬಂದುಬಿಡುತ್ತೆ. ಫಸ್ಟ್ ಇಯರಲ್ಲಿ ನಾನು ಹೊಡೀತಿರಲಿಲ್ಲ. ಕೂತು ಸಮಾಧಾನ ಮಾಡ್ತಿದ್ದೆ. ಸೀನಿಯರ್ಸು ದೇವತೆ ಬಂದ್ಲು ಅಂತ ನಗೋರು. ರೌಂಡ್ಸಲ್ಲಿ ಹೊರಗಡೆವರೆಗೂ ಕೂಗು ಕೇಳಿಸ್ತು ಅಂದ್ರೆ, ಲೇಬರ್ ರೂಮ್ ಕಂಟ್ರೋಲ್ ಇಲ್ಲ, ನಿನಗೆ ಸಿಸೇರಿಯನ್ ಕೊಡಲ್ಲ ಅಂತಾರೆ. ಕೇಸೇ ಕೊಡದಿದ್ರೆ ನಾನು ಆಪರೇಷನ್ ಕಲಿಯೋದು ಹೇಗೆ? ಹೊಲಿಗೆ ನಿಧಾನ ಆಯ್ತು ಅಂತ ನನ್ನ ಗೆಣ್ಣಿಗೆ ಫೋರ್ಸೆಪ್ಸಲ್ಲಿ ಹೊಡೆದಿದ್ದಾರೆ. ಪೇಶೆಂಟ್ ಎದುರಿಗೇ.’ ಆಮೇಲೆ ಅಂದಳು: ‘ನಿನ್ನೆ ಹೊಡೆದಾಗ ಅವಳ ಮುಖಾನೇ ನೋಡಿರಲಿಲ್ಲ ಅಮ್ಮ. ಹಿಂದಿನ ದಿನದಿಂದ ಕೂತಿರಲಿಲ್ಲ. ಸದ್ದು ನಿಂತ್ರೆ ಸಾಕಾಗಿತ್ತು.’

ಇದನ್ನು ಅವಳ ಪರವಾದ ವಕಾಲತ್ತೆಂದು ತಿಳಿಯಬೇಡಿ. ನಿದ್ದೆಗೆಟ್ಟವರೆಲ್ಲ ಹೊಡೆಯುವುದಿಲ್ಲ. ಹೊಡೆದದ್ದು ಅವಳ ಕೈ, ಆ ಮಾತಾಡಿದ್ದು ಅವಳ ನಾಲಿಗೆ. ಆದರೆ ಮಾನ್ಯರೇ, ನೀವು ಗುರುಗಳು. ನಿಮ್ಮನ್ನು ಒಂದು ಪ್ರಶ್ನೆ ಕೇಳಬಹುದೇ? ನನ್ನ ತರಗತಿಯಲ್ಲಿ ತುಂಟ ಹುಡುಗನೊಬ್ಬನಿಗೆ ನಾನು ಒಂದೇಟು ಕೊಟ್ಟರೆ ನನ್ನ ಕೆಲಸ ಹೋಗುತ್ತದೆ, ಹೋಗಬೇಕಾದದ್ದೇ. ನಿಮ್ಮ ತರಗತಿಯಲ್ಲಿ ಏಟು ಯಾವ ಪತ್ರಿಕೆಯ ಪಠ್ಯ? ಸದ್ದಿಲ್ಲದ ಕೋಣೆಯೇ ಒಳ್ಳೆಯ ಕೋಣೆ ಎಂಬ ಸಿದ್ಧಾಂತಕ್ಕೆ ಆಧಾರ ಗ್ರಂಥ ಯಾವುದು? ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ನಿಮ್ಮ ಸ್ಪೆಷಲ್ ವಾರ್ಡಿದೆ. ಅಲ್ಲಿ ಕೂಗಿದವರಿಗೆ ಇದೇ ಹುಡುಗಿಯರು ‘ರಿಲ್ಯಾಕ್ಸ್ ಮೇಡಂ, ಆಯ್ತು ಆಯ್ತು’ ಎನ್ನುತ್ತಾರೆ. ನೋವು ತಿಳಿಯದ ಹಾಗೆ ಬೆನ್ನಿಗೆ ಸೂಜಿಯೂ ಸಿಗುತ್ತದೆ. ಅಂದರೆ ನಯವಾದ ಮಾತು ನಿಮ್ಮವರಿಗೆ ಬರುವುದಿಲ್ಲವೆಂದಲ್ಲ. ಅದನ್ನು ಯಾರಿಗೆ ಖರ್ಚು ಮಾಡಬೇಕೆಂದು ಚೆನ್ನಾಗಿಯೇ ತರಬೇತಾಗಿದೆ. ಕೆಳಗಿನ ಮಹಡಿಯವರು ಕಲಿಯಲಿಕ್ಕೆ, ಮೇಲಿನವರು ಕಲಿತದ್ದನ್ನು ತೋರಿಸಲಿಕ್ಕೆ. ನೀವೂ ಎಂದೋ ಮೊದಲ ವರ್ಷದ ವಿದ್ಯಾರ್ಥಿನಿಯಾಗಿದ್ದವರು. ನಿಮ್ಮ ಗೆಣ್ಣಿಗೆ ಹೊಡೆದವರು ಯಾರು? ನೋವಾದಾಗ ನಿಮಗೂ ಕೂಗಬೇಕೆನಿಸಿರಲಿಲ್ಲವೇ?

ಹೆರಿಗೆಯ ಮುಂದಿನ ವಾರ ನಿಮ್ಮ ಅಧ್ಯಕ್ಷತೆಯಲ್ಲಿ ಕ್ಲಿಷ್ಟ ಪ್ರಕರಣಗಳ ಚರ್ಚೆ ನಡೆಯಿತಂತೆ. ಲಕ್ಷ್ಮವ್ವನ ಪ್ರಕರಣ ಬಂದಾಗ, ‘ರೋಗಿಯು ತೊಂದರೆಯನ್ನು ಸಕಾಲದಲ್ಲಿ ತಿಳಿಸಲಿಲ್ಲ’ ಎಂದು ಓದಲಾಯಿತು. ಎಲ್ಲರೂ ತಲೆದೂಗಿದರು. ಹೇಮಶ್ರೀ ಎದ್ದು ನಿಂತು ಹೇಳಿದಳು: ‘ಮೇಡಂ, ಅವಳು ಹೇಳದೇ ಇದ್ದಿದ್ದು ನಾನು ಹೊಡೆದಿದ್ದಕ್ಕೆ.’ ಸಭೆಯಲ್ಲಿದ್ದವರ ಪ್ರಕಾರ ನಿಮ್ಮ ಉತ್ತರ ಇಷ್ಟೇ: ‘ಅದು ಕ್ಲಿನಿಕಲ್ ಫೈಂಡಿಂಗ್ ಅಲ್ಲ. ಕೂತ್ಕೋ.’ ಅವಳು ಕೂರಲಿಲ್ಲ. ಮತ್ತೊಮ್ಮೆ ಹೇಳಿದಳು. ಮರುದಿನವೇ ನನಗೂ ನನ್ನ ಯಜಮಾನರಿಗೂ ನಿಮ್ಮ ಕೊಠಡಿಯಿಂದ ಕರೆ ಬಂತು. ನೀರು ಕೊಡಿಸಿದಿರಿ. ಬಹಳ ಸೌಜನ್ಯದಿಂದ ಮಾತಾಡಿದಿರಿ.

‘ನಿಮ್ಮ ಮಗಳು ತುಂಬಾ ಸೆನ್ಸಿಟಿವ್. ಈ ಬ್ರಾಂಚಿಗೆ ಸೂಟ್ ಆಗಲ್ಲ ಅನ್ಸುತ್ತೆ. ಸ್ವಲ್ಪ ದಿನ ಮನೇಲಿ ರೆಸ್ಟ್ ಮಾಡ್ಲಿ. ಯಾರಾದ್ರೂ ಸೈಕಿಯಾಟ್ರಿಸ್ಟಿಗೆ ತೋರಿಸಿ.’

ಹೆರುವವಳಿಗೆ ಹೊಡೆಯುತ್ತಿದ್ದಷ್ಟು ದಿನ ನನ್ನ ಮಗಳು ನಿಮ್ಮ ವಿಭಾಗಕ್ಕೆ ಯೋಗ್ಯಳು. ಹೊಡೆದೆ ಎಂದು ಹೇಳಿದ ದಿನದಿಂದ ಮನೋರೋಗಿ. ಇಂಥ ಅದ್ಭುತ ರೋಗನಿರ್ಣಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ನನ್ನ ಯಜಮಾನರು ಜಗಳವಾಡದ ಮನುಷ್ಯ. ‘ಮೇಡಂ, ಅವಳಿಗೆ ಈಗಷ್ಟೇ ಹುಷಾರಾಗ್ತಾ ಇದೆ’ ಎಂದು ಎದ್ದುಬಿಟ್ಟರು. ಅವರಿಂದ ಅಂಥ ಮಾತನ್ನು ನಾನೂ ನಿರೀಕ್ಷಿಸಿರಲಿಲ್ಲ.

ಮನೆಗೆ ಬರುವ ಮುನ್ನ ಹೇಮಶ್ರೀ ಲಕ್ಷ್ಮವ್ವನ ಮಂಚದ ಬಳಿ ಹೋದಳು. ನಾನೂ ಜೊತೆಗಿದ್ದೆ. ‘ನಾನು ನಿಮಗೆ ಹೊಡೆದೆ. ತಪ್ಪಾಯ್ತು’ ಎಂದು ಶುರುಮಾಡಿದಳು. ಲಕ್ಷ್ಮವ್ವ ಗೋಡೆಯ ಕಡೆ ತಿರುಗಿದಳು. ಫಕೀರೇಶ ಮಗುವನ್ನು ಎತ್ತಿಕೊಂಡು ನಮ್ಮ ನಡುವೆ ಬಂದು ನಿಂತ. ‘ಮೇಡಂ, ನೀವು ಹೊರಗ ಹೋಗ್ರಿ. ನಿಮ್ಮ ದನಿ ಕೇಳಿದ್ರನ ಅಕಿ ಅಂಜ್ತಾಳ.’ ಸಿನಿಮಾದಲ್ಲಾಗಿದ್ದರೆ ಅವಳು ಕ್ಷಮಿಸುತ್ತಿದ್ದಳು. ಹೇಮಶ್ರೀ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಳು. ಅಳಲಿಲ್ಲ. ತನ್ನ ಬಲಗೈಯನ್ನು ಮಡಿಲಲ್ಲಿಟ್ಟು, ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಳು.

ಲಕ್ಷ್ಮವ್ವ ಈಗ ಊರಲ್ಲಿ ಅವ್ವನ ಮನೆಯಲ್ಲಿದ್ದಾಳೆ. ಈ ಪತ್ರ ಬರೆಯಬಹುದೇ ಎಂದು ಕೇಳಲು ಫೋನು ಮಾಡಿದ್ದೆ. ‘ಬರೀರಿ’ ಅಂದಳು. ಆ ಜೋರು ದನಿ ಇಲ್ಲ. ಫೋನನ್ನು ಕಿವಿಗೆ ಒತ್ತಿ ಹಿಡಿಯಬೇಕಾಯಿತು. ಇಡುವ ಮುಂಚೆ ತಡೆದಳು.

‘ಅಕ್ಕಾರ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಾ ನಿಮ್ಮ ಮನಿಯಾಕಿ ಅಂತ ಗೊತ್ತಿದ್ರ, ನಿಮ್ಮ ಮಗಳು ನನಗ ಹೊಡೀತಿದ್ದಳೇನ್ರಿ?’

ಉತ್ತರ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ ನನ್ನ ಮಗಳಿಗೂ ಗೊತ್ತಿತ್ತು. ನಿಮಗೆ ಎಲ್ಲರಿಗಿಂತ ಮೊದಲೇ ಗೊತ್ತಿತ್ತು. ನಿಮ್ಮ ಇಡೀ ತರಬೇತಿ ನಿಂತಿರುವುದು ಆ ಉತ್ತರದ ಮೇಲೆ: ಮಂಚದ ಮೇಲಿರುವವಳು ಯಾರ ಮನೆಯವಳೂ ಅಲ್ಲ.

ನನ್ನ ಬೇಡಿಕೆಗೆ ಬರುತ್ತೇನೆ. ನಿಮ್ಮ ಸಭೆ ಮತ್ತೆ ಸೇರಬೇಕು. ಲಕ್ಷ್ಮವ್ವನ ಪ್ರಕರಣದಲ್ಲಿ ‘ತಿಳಿಸಲಿಲ್ಲ’ ಎಂಬಲ್ಲಿ ‘ಹೊಡೆದದ್ದರಿಂದ ತಿಳಿಸಲು ಹೆದರಿದಳು’ ಎಂದು ತಿದ್ದಬೇಕು. ಬಾಗಿಲ ಫಲಕ ಹೇಳುವ ಸಂಗಾತಿಯನ್ನು, ಯಾವ ಡಾಕ್ಟರ ಅಮ್ಮನೂ ಅಲ್ಲದಿದ್ದರೂ, ಒಳಗೆ ಬಿಡಬೇಕು. ಕೇಸು ಕೊಡುವ, ಕೊಡದಿರುವ ಅಧಿಕಾರವನ್ನು ಚಾಟಿಯ ಹಾಗೆ ಬಳಸುವುದು ನಿಲ್ಲಬೇಕು. ಹಗಲು ರಾತ್ರಿ ನಿಂತೇ ಇರುವ ಹುಡುಗಿಯ ಪಕ್ಕದಲ್ಲಿ ಕಲಿಸುವವರೊಬ್ಬರು ನಿಂತಿರಬೇಕು.

ನನ್ನ ಮಗಳನ್ನು ಮರಳಿ ಕರೆದುಕೊಳ್ಳಿ ಎಂದು ಕಾಲು ಹಿಡಿಯಲು ಈ ಪತ್ರ ಬರೆದಿಲ್ಲ. ಅವಳು ಇದನ್ನು ಓದಿದ್ದಾಳೆ. ತನ್ನ ಹೆಸರು ಬದಲಿಸಬೇಡ ಎಂದಿದ್ದಾಳೆ. ಅವಳನ್ನು ವಿಚಾರಣೆಗೆ ಕರೆಯಿರಿ, ಬರುತ್ತಾಳೆ. ಶಿಕ್ಷೆ ಕೊಡಿ, ತೆಗೆದುಕೊಳ್ಳುತ್ತಾಳೆ. ಆದರೆ ಹೊಡೆದದ್ದಕ್ಕೆ ಕೊಡಿ. ಹೇಳಿದ್ದಕ್ಕಲ್ಲ.

ಇಂತಿ,
ನಿಮ್ಮ ವಿಧೇಯಳು ಎಂದು ಬರೆಯಲು ಕೈ ಬಾರದ,
ನಿಮ್ಮ ಕೋಣೆಯಲ್ಲಿ ಮಗಳಿಂದಲೇ ಹೊರಗೆ ಕಳಿಸಿಕೊಂಡ ಅಟೆಂಡರ್,
ಜಲಜಾ ಲಕ್ಷ್ಮೀಪತಿ
ಹೇರೋಹಳ್ಳಿ