ಹತ್ತೇ ಟೋಕನ್

ಡಾಕ್ಟರಮ್ಮನವರಿಗೆ,

ಈ ಕಾಗದ ತಂದವರನ್ನು ಮೊದಲು ಒಳಗೆ ಕರೆದು ಕೂರಿಸಿಬಿಡಿ. ಕೊಟ್ಟು ಹೊರಡುತ್ತೇನೆ ಅನ್ನುತ್ತಾರೆ, ಬಿಡಬೇಡಿ. ಕೂತರಾ? ಇನ್ನು ಓದಿ.

ಶುಕ್ರವಾರ ನೀವು ಸ್ಟೆತಸ್ಕೋಪ್ ಸುತ್ತಿ ಡ್ರಾಯರಿಗೆ ಹಾಕುತ್ತಾ ಕೇಳಿದಿರಿ: “ಸಿಸ್ಟರ್, ಈ ಊರಲ್ಲಿ ಯಾರಿಗೂ ಕಾಯಿಲೇನೇ ಬರಲ್ವಾ? ದಿನಕ್ಕೆ ಹತ್ತು ಜನ. ನಾನ್ಯಾಕೆ ಇಲ್ಲಿರ್ಬೇಕು ಹೇಳಿ? ಬೇರೆ ಕಡೆ ಹಾಕಿ ಅಂತ ಬರ್ದು ಕೊಟ್ಟಿದೀನಿ.” ನಾನು ಹಲ್ಲು ಕಿರಿದು ಕಿಟಕಿ ಮುಚ್ಚಲು ಹೋದೆ.

ನಿಜ ಹೇಳಿಬಿಡುತ್ತೇನೆ. ಆಸ್ಪತ್ರೆಯಲ್ಲಿ ರೋಗಿಗಳಿಗೆ ಕೊಡಲೆಂದು ಇರುವ ಟೋಕನ್ ಹತ್ತಲ್ಲ, ಅರವತ್ತು. ಉಳಿದ ಐವತ್ತನ್ನು ಹತ್ತಿಯ ಡಬ್ಬಿಯಲ್ಲಿ ಬಚ್ಚಿಟ್ಟವಳು ನಾನೇ.

ನಿಮಗಿಂತ ಮುಂಚೆ ಇದ್ದ ಡಾಕ್ಟರು ಅರವತ್ತು ಟೋಕನ್ ಮುಗಿದ ಮೇಲೂ ನಿಲ್ಲದೆ ದಿನಕ್ಕೆ ತೊಂಬತ್ತು ಜನರನ್ನು ನೋಡುತ್ತಿದ್ದರು. ಒಂದು ದಿನ ಮುದುಕಿಯೊಬ್ಬಳ ಕೈ ಹಿಡಿದು ನಾಡಿ ನೋಡುತ್ತಲೇ ನಿದ್ದೆ ಹೋದರು. ಆಕೆ ಪಾಪ, ಅವರಿಗೆ ಎಚ್ಚರವಾದೀತೆಂದು ಕೈ ಬಿಡಿಸಿಕೊಳ್ಳದೆ ಕೂತಿದ್ದಳು. ಮರುವಾರ ಅವರು ಹೋಗಿಯೇಬಿಟ್ಟರು. ಅವರ ಛತ್ರಿ ಇನ್ನೂ ಬಾಗಿಲ ಹಿಂದೆ ನೇತಾಡುತ್ತಿದೆ. ಆಮೇಲೆ ಹದಿನಾಲ್ಕು ತಿಂಗಳು ಯಾವ ಡಾಕ್ಟರೂ ಬರಲಿಲ್ಲ. ಆಗ ನಾನೊಬ್ಬಳೇ ಏನೇನು ನೋಡಿದೆ ಎಂದು ಬರೆಯಲಾರೆ.

ನೀವು ಬರುತ್ತೀರೆಂದು ಗೊತ್ತಾದಾಗ ಊರವರೆಲ್ಲ ಶಾಲೆಯಲ್ಲಿ ಸೇರಿದೆವು. ನಿಮ್ಮ ಬಿಳಿ ಕೋಟು ಹೊಲಿದುಕೊಟ್ಟ ಟೈಲರ್, ಅಂದರೆ ನಮ್ಮ ಯಜಮಾನರು, ಬೆಂಚು ಹತ್ತಿ ಹೇಳಿದರು: “ಈ ಸಲ ಡಾಕ್ಟರಮ್ಮನ್ನ ಸುಸ್ತು ಮಾಡ್ಬಾರ್ದು. ಸಣ್ಣಪುಟ್ಟದಕ್ಕೆಲ್ಲ ಯಾರೂ ಹೋಗ್ಕೂಡ್ದು. ಸಾಯೋ ಹಾಗಿದ್ರೆ ಮಾತ್ರ ಹೋಗಿ!” ಎಲ್ಲರೂ ನಕ್ಕರು, ಒಪ್ಪಿದರು. ಅಂದಿನಿಂದ ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ ನಿಂತು ಜನರನ್ನು ವಾಪಸ್ ಕಳಿಸುವುದು ನನ್ನ ಕೆಲಸವಾಯಿತು. ಸಕ್ಕರೆ ಕಾಯಿಲೆಯವರು, ಬಸುರಿಯರು, ಗಾಯ ಮಾಯದವರು, ಎಲ್ಲರಿಗೂ ‘ನಾಳೆ ಬನ್ನಿ’. ನಿಮ್ಮನ್ನು ಉಳಿಸಿಕೊಳ್ಳಲು ಹೋಗಿ ನಿಮಗೆ ಕೆಲಸವೇ ಇಲ್ಲದಂತೆ ಮಾಡಿದೆವು. ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ!

ಈಗ ಮೂರು ವಾರದಿಂದ ನಮ್ಮ ಯಜಮಾನರು ಇಸ್ತ್ರಿ ಪೆಟ್ಟಿಗೆಯನ್ನು ಅರ್ಧಕ್ಕೇ ಕೆಳಗಿಟ್ಟು ಎಡಗೈ ಅದುಮಿಕೊಳ್ಳುತ್ತಾರೆ. ಕೇಳಿದರೆ, “ಗ್ಯಾಸು ಕಣೇ. ಇಷ್ಟಕ್ಕೆಲ್ಲ ಡಾಕ್ಟ್ರಾ? ರೂಲ್ಸ್ ಮಾಡಿದೋನೇ ಮುರಿಯೋದಾ?” ಅನ್ನುತ್ತಾರೆ. ನಾನೂ ಗ್ಯಾಸಿನ ಮಾತ್ರೆ ಕೊಟ್ಟೆ. ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದವಳು, ಗೊತ್ತಿದ್ದೂ ಕೊಟ್ಟೆ. ನಿಮಗೆ ಹೇಳಿದರೆ ಎಲ್ಲ ಬಯಲಾಗಿ ನೀವು ಹೊರಟುಹೋಗುತ್ತೀರೆಂಬ ಹೆದರಿಕೆ. ಇವತ್ತು ಬೆಳಿಗ್ಗೆ ಸೂಜಿಗೆ ದಾರ ಪೋಣಿಸುತ್ತಾ ಕೂತವರು ಬೆವರಿ ತೊಪ್ಪೆಯಾದರು. ಏನೂ ಇಲ್ಲ ಅನ್ನುತ್ತಾ ಅಂಗಿ ಬದಲಾಯಿಸಿಕೊಂಡರು. ಮುಖ ಮಾತ್ರ ಬಿಳುಚಿಕೊಂಡಿದೆ. ಬೆಂಚು ಹತ್ತಿ ಅವರು ಹೇಳಿದ ಆ ಮಾತು ನನ್ನ ಕಿವಿ ಬಿಟ್ಟು ಹೋಗುತ್ತಿಲ್ಲ.

ಬಾಗಿಲಲ್ಲಿ ನಿಂತು “ಇಷ್ಟುದ್ದ ಏನೇ ಗೀಚ್ತಿದೀಯಾ?” ಎಂದು ರೇಗುತ್ತಿದ್ದಾರೆ. ಔಷಧಿಗಳ ಪಟ್ಟಿ, ಡಾಕ್ಟರಮ್ಮ ಅರ್ಜೆಂಟಾಗಿ ಕೇಳಿದ್ದಾರೆ, ಎದುರುಮನೆ ತಾನೇ, ಕೊಟ್ಟು ಬನ್ನಿ ಅಂದಿದ್ದೇನೆ. ಅವರ ಹಿಂದೆಯೇ ಬಂದು ನಿಮ್ಮ ಗೇಟಿನ ಆಚೆ ನಿಂತಿರುತ್ತೇನೆ. ಕೂಗಿದರೆ ಓಡಿಬರುತ್ತೇನೆ.

ನಾಳೆ ಅರವತ್ತು ಟೋಕನ್ನೂ ನಿಮ್ಮ ಮೇಜಿನ ಮೇಲಿರುತ್ತವೆ, ಆಸ್ಪತ್ರೆಯ ಹಿಂದಿನ ಗೇಟೂ ತೆರೆದಿರುತ್ತದೆ. ಇರುತ್ತೀರೋ ಹೋಗುತ್ತೀರೋ ನಾಳೆ ಹೇಳಿ. ಬೈಯುವುದನ್ನೂ ನಾಳೆಯೇ ಬೈಯಿರಿ. ನೀವು ಎಲ್ಲಿದ್ದರೂ ನಿಮ್ಮ ಹೊಟ್ಟೆ ತಣ್ಣಗಿರಲಿ.

ಈಗ ಕಾಗದ ಕೆಳಗಿಡಿ. ಎದುರಿಗೆ ಕೂತಿರುವವರ ಅಂಗಿಯ ಜೇಬಿನಲ್ಲಿ ಒಂದನೇ ನಂಬರಿನ ಟೋಕನ್ ಇದೆ. ಅವರಿಗೆ ಗೊತ್ತಿಲ್ಲ, ನಾನೇ ಹಾಕಿದ್ದೇನೆ.

ಗೇಟಿನ ಬಳಿ ಕಾಯುತ್ತಿರುವ,
ನಿಮ್ಮ ಸಿಸ್ಟರ್