ಕೃಪಾಳ ಫೋನ್ ವಾಪಸ್ ಕೊಟ್ಟ ಮೇಲೆ

ಮಾದನಾಯಕನಹಳ್ಳಿ
11 ಜನವರಿ 2025, ಶನಿವಾರ

ಪ್ರೀತಿಯ ಸವಿತಕ್ಕಾ,

ನಿನ್ನ ಸೊಂಟನೋವು ಹೇಗಿದೆ? ಮಸ್ಕತ್ತಿನ ಆಸ್ಪತ್ರೇಲಿ ದಿನವಿಡೀ ನಿಂತೇ ಡ್ಯೂಟಿ ಮಾಡ್ತೀಯ, ರೋಗಿಗಳಿಗೆ ಹೇಳೋ ಬುದ್ಧೀನ ಸ್ವಲ್ಪ ನಿನಗೂ ಹೇಳ್ಕೋ. ಇಲ್ಲಿ ನಾವು ಚೆನ್ನಾಗಿದೀವಿ. ಈ ಮಾತು ಬರೆಯೋಕೆ ಮೂರು ತಿಂಗಳು ಬೇಕಾಯ್ತು ಅಕ್ಕಾ. ಫೋನಲ್ಲಿ ಹೇಳೋಕೆ ಹೋದಾಗೆಲ್ಲ ಮಳೆ ಚಳಿ ಅಂತ ಏನೋ ಮಾತಾಡಿ ಇಟ್ಟುಬಿಡ್ತಿದ್ದೆ.

ಅಕ್ಟೋಬರಲ್ಲಿ ಕೃಪಾಗೆ ಜ್ವರ ಅಂದಿದ್ನಲ್ಲ, ಅದು ಜ್ವರ ಅಲ್ಲ. ಪಿಯುಸಿಗೆ ಸೇರಿದ ಮೇಲೆ ಮಗಳು ಊಟ, ಮಾತು ಎರಡೂ ಬಿಟ್ಟಿದ್ದಳು. ಒಂದು ದಿನ ಅವಳ ನೋಟ್‌ಬುಕ್ಕಲ್ಲಿ "ನಾನಿಲ್ದೇ ಇದ್ರೆ ಎಲ್ರಿಗೂ ನೆಮ್ಮದಿ" ಅನ್ನೋ ಸಾಲು ಅವಳಮ್ಮ ವೇಣಿ ಕಣ್ಣಿಗೆ ಬಿತ್ತು. ನನಗೆ ಎಲ್ಲದಕ್ಕೂ ಕಾರಣವಾಗಿ ಕಂಡಿದ್ದು ನೀನು ಕೊಡಿಸಿದ ಫೋನು. ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ನಿನ್ನನ್ನೂ ಬೈದೆ, ಸುಳ್ಳು ಹೇಳಲ್ಲ.

ಆಮೇಲೆ ಅವಳನ್ನ ಇಲ್ಲಿನ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ, ಅಲ್ಲಿನ ಮನಸ್ಸಿನ ಡಾಕ್ಟರಮ್ಮ ಫೋನ್ ವಾಪಸ್ ಕೊಡಿಸಿದ್ರು. ಔಷಧಿ, ವಾರಕ್ಕೊಮ್ಮೆ ಮಾತುಕತೆ, ಜೊತೆಗೆ ಅವಳ ಫೋನಿಗೊಂದು ಆ್ಯಪ್, ನಮ್ಮ ಫೋನಿಗೊಂದು. ಮನಸ್ಸು ಕುಸಿದಾಗ ಏನು ಮಾಡಬೇಕು, ಯಾರ ಹತ್ರ ಹೋಗಬೇಕು, ಯಾರಿಗೆ ಫೋನ್ ಮಾಡಬೇಕು ಅಂತ ಅವಳೇ ಅದರಲ್ಲಿ ಬರೆದಿಟ್ಟಳು. ನಮ್ಮದರಲ್ಲಿ, ಅಪ್ಪ ಅಮ್ಮ ಹೇಗೆ ಮಾತಾಡಬೇಕು ಅನ್ನೋ ಪಾಠ. ಹದಿನಾರು ವರ್ಷ ಸಾಕಿದವನಿಗೆ ಫೋನ್ ಕಲಿಸುತ್ತಾ ಅಂತ ನಕ್ಕಿದ್ದೆ.

ಡಿಸೆಂಬರಿನ ಒಂದು ಬುಧವಾರ ಅವಳು ಕಾಲೇಜಿಗೆ ಹೋಗಿರಲಿಲ್ಲ. ನಾನು ಪೀಣ್ಯದ ಫ್ಯಾಕ್ಟರೀಲಿ ಲೇಥ್ ಮುಂದಿದ್ದೆ. "ಅಪ್ಪಾ, ಇವತ್ತು ಆಗ್ತಿಲ್ಲ" ಅಂತ ಅವಳ ಆ್ಯಪಿಂದ ನಮ್ಮದಕ್ಕೆ ಮೆಸೇಜ್ ಬಂತು. ವೇಣಿಗೆ ಹೇಳೋಣ ಅಂದ್ರೆ ಅವಳು ಕೆಲಸ ಮಾಡೋ ಗಾರ್ಮೆಂಟ್ಸ್ ಒಳಗೆ ಫೋನ್ ಬಿಡಲ್ಲ. ಬುದ್ಧಿ ಹೇಳಬೇಡಿ, ನೇರವಾಗಿ ಕೇಳಿ, ಅಂತ ಪಾಠದಲ್ಲಿತ್ತು. ಫೋನ್ ಮಾಡಿ "ಸಾಯ್ಬೇಕು ಅನ್ನಿಸ್ತಿದೆಯಾ ಮಗಳೇ?" ಅಂದೆ. ಆ ಮಾತು ನನ್ನ ಬಾಯಲ್ಲಿ! "ಹೂಂ" ಅಂದಳು. "ಹೇಳಿದ್ದು ಒಳ್ಳೇದಾಯ್ತು ಕಣಮ್ಮ. ಬರ್ತಿದೀನಿ. ಫೋನ್ ಇಡ್ಬೇಡ, ಕೆಳಗೆ ರಾಮಕ್ಕನ ಹತ್ರ ಹೋಗು" ಅಂದೆ. ಸೂಪರ್‌ವೈಸರ್ ಪಾಪಯ್ಯ ಏನೂ ಕೇಳದೆ ಬೈಕ್ ತೆಗೆದರು. ಹಿಂದೆ ಕೂತು ದಾರಿಯುದ್ದಕ್ಕೂ ಅವಳ ಹತ್ರ ಏನೇನು ಮಾತಾಡಿದೆನೋ! ಹೋದರೆ, ಮನೆ ಓನರ್ ರಾಮಕ್ಕನ ಪಕ್ಕ ಕೂತು ಅವರೆಕಾಯಿ ಸುಲೀತಿದ್ದಳು. ಕಣ್ಣೆಲ್ಲ ಊದಿತ್ತು. "ಬಂದ್ಯಾ ಅಪ್ಪಾ" ಅಂದಳು. ಆಗ ನನಗೆ ಉಸಿರು ಬಂತು. ಮಧ್ಯಾಹ್ನವೇ ಡಾಕ್ಟರಮ್ಮನ ಹತ್ರ ಕರ್ಕೊಂಡು ಹೋದ್ವಿ.

ಪೂರ್ತಿ ವಾಸಿ ಅನ್ನಲ್ಲ. ಕೆಟ್ಟ ದಿನಗಳು ಬರ್ತವೆ, ಬಂದಾಗ ಹೇಳ್ತಾಳೆ. ನಿನ್ನೆ "ಮತ್ತೆ ಉಪ್ಪಿಟ್ಟಾ?" ಅಂತ ಅಮ್ಮನ ಜೊತೆ ಜಗಳಕ್ಕೆ ನಿಂತಳು. ವೇಣಿ ಒಳಗೆ ಹೋಗಿ ಖುಷಿಗೆ ಅತ್ತಳು. ಡಾಕ್ಟರಮ್ಮ, ಪಾಪಯ್ಯ, ರಾಮಕ್ಕ, ನೀನು, ಯಾರನ್ನು ಮೊದಲು ನೆನೆಯಲಿ? ಬೈದಿದ್ದನ್ನ ಹೊಟ್ಟೆಗೆ ಹಾಕ್ಕೋ ಅಕ್ಕಾ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮೂವರದೂ ನಮಸ್ಕಾರ.

ನಿನ್ನ ತಮ್ಮ,
ನಂದೀಶ್

ಕವರ್ ಅಂಟಿಸೋ ಮುಂಚೆ ಇನ್ನೊಂದು: ಫೋನ್ ಮಾಡೋಕೆ ಅಂತ ಅವಳ ಆ್ಯಪಲ್ಲಿ ಮೂರು ಹೆಸರಿಗೆ ಜಾಗ ಇದೆ. ನಾವಿಬ್ಬರು ಆದ ಮೇಲೆ ಮೂರನೇದು ಖಾಲಿ ಇತ್ತು. ಇವತ್ತು ಬೆಳಗ್ಗೆ "ಸವಿತತ್ತೆ" ಅಂತ ಬರೆದಿದಾಳೆ. ನಿನ್ನನ್ನು ಕೇಳೋಕೆ ಅವಳಿಗೆ ಸಂಕೋಚ, ಅದಕ್ಕೇ ನಾನು ಕೇಳ್ತಿದೀನಿ. ಡ್ಯೂಟೀಲಿದ್ರೂ ಅವಳ ಫೋನ್ ಬಂದ್ರೆ ಎತ್ತು ಅಕ್ಕಾ.